ಅಕ್ಕನಿಗೆ ಗೊತ್ತಿಲ್ಲದ ಮನೆಗಾಡಿ

ಪ್ರೆಸ್ಸು
ಮಾರ್ಚ್ 4

ಪ್ರೀತಿಯ ನಾದಿನಿ,

ಮೂರು ವರ್ಷದಿಂದ ಒಂದು ಸಾಲೂ ಬರೆಯದ ಭಾವ ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾನೆಂದರೆ ಏನೋ ಕೆಲಸವಾಗಬೇಕಿದೆ ಎಂದು ನೀನು ಅಂದುಕೊಂಡಿರುತ್ತೀಯೆ. ಸರಿಯಾಗಿಯೇ ಅಂದುಕೊಂಡಿದ್ದೀಯೆ.

ಮೊದಲ ಮಾತು: ಇದು ನಿನ್ನ ಅಕ್ಕನಿಗೆ ಗೊತ್ತಾಗಬಾರದು. ಅದಕ್ಕೇ ಫೋನು ಮಾಡಲಿಲ್ಲ. ನಮ್ಮ ಮನೆಯ ಗೋಡೆ ತೆಳು, ಅವಳ ಕಿವಿ ಚುರುಕು. ಹೊಲಿಗೆ ಮಷೀನು ಗಡಗಡ ಓಡುತ್ತಿರುವಾಗಲೂ ಪಕ್ಕದ ಮನೆಯಲ್ಲಿ ಚಮಚ ಬಿದ್ದರೆ ಅದು ದೊಡ್ಡದೋ ಚಿಕ್ಕದೋ ಹೇಳುತ್ತಾಳೆ. ಆದ್ದರಿಂದ ಉತ್ತರವನ್ನು ಪ್ರೆಸ್ಸಿನ ವಿಳಾಸಕ್ಕೇ ಬರೆ.

ಜೂನ್ ಕೊನೆಗೆ ನಾನು ನಿವೃತ್ತನಾಗುತ್ತೇನೆ. ಮೂವತ್ತಾರು ವರ್ಷ ಪ್ರೂಫ್ ನೋಡುತ್ತ ಬೇರೆಯವರ ತಪ್ಪು ತಿದ್ದಿದ್ದಾಯಿತು. ಇನ್ನು ಊರೂರು ನೋಡೋಣ ಎಂಬ ಆಸೆ. ಕಳೆದ ವಾರ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು: ಇಪ್ಪತ್ಮೂರು ವರ್ಷ ಹಳೆಯ ಮೋಟಾರ್‌ಹೋಮ್. ಅಂದರೆ ಮುಂದೆ ಡ್ರೈವರ್ ಸೀಟು, ಹಿಂದೆ ಸಣ್ಣ ಅಡುಗೆಮನೆ, ಹಾಸಿಗೆ, ಬಚ್ಚಲು, ಎಲ್ಲ ಇರುವ ವ್ಯಾನು. ನಾನಿದಕ್ಕೆ ಮನೆಗಾಡಿ ಎಂದು ಹೆಸರಿಟ್ಟಿದ್ದೇನೆ. ಮಾರುವವರು ಒಬ್ಬ ಹಲ್ಲಿನ ಡಾಕ್ಟರು. ಜಾಹೀರಾತು ಹದಿನಾಲ್ಕು ಸಾಲು. ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ಅರ್ಧವಿರಾಮ ಕೂಡ ಇರಬೇಕಾದ ಜಾಗದಲ್ಲೇ ಇದೆ. ಇಷ್ಟು ಶುದ್ಧವಾಗಿ ಬರೆಯುವ ಮನುಷ್ಯ ಗಾಡಿಯನ್ನೂ ಶುದ್ಧವಾಗಿಯೇ ಇಟ್ಟಿರುತ್ತಾನೆ ಎಂದು ನನಗನ್ನಿಸಿತು.

ಆದರೂ ನಮ್ಮ ಕುಟುಂಬದಲ್ಲಿ ಇಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಿದವಳು ನೀನೊಬ್ಬಳೇ. ಹಳೆಯ ಮನೆಗಾಡಿ ಕೊಳ್ಳುವ ಮೊದಲು ಏನೇನು ನೋಡಬೇಕು, ಒಂದಿಷ್ಟು ಬರೆದು ಕಳಿಸು. ನಾನು ಓಡಿಸುವುದರ ಬಗ್ಗೆ ಚಿಂತೆ ಬೇಡ. ಲೈಸೆನ್ಸ್ ಇದೆ. ತೆಗೆದುಕೊಂಡ ಮೇಲೆ ಎರಡು ಸಲ ಓಡಿಸಿಯೂ ಇದ್ದೇನೆ. ಒಂದು ಸಲ ಹಿಂದಕ್ಕೆ.

ಮತ್ತೊಮ್ಮೆ ಹೇಳುತ್ತೇನೆ, ಅಕ್ಕನ ಕಿವಿಗೆ ಬೀಳಬಾರದು.

ನಿನ್ನ ಭಾವ

*

ಶೆಡ್ಡು
ಮಾರ್ಚ್ 12

ಭಾವ,

ಕಾಗದ ಬಂತು. ನನಗೆ ಉದ್ದ ಬರೆಯಲು ಪುರುಸೊತ್ತಿಲ್ಲ, ಇದ್ದಷ್ಟು ಓದಿಕೊಳ್ಳಿ.

ಗಾಡಿ ನೋಡಲು ಹೋದಾಗ ಮೊದಲು ಕಣ್ಣು ಮುಚ್ಚಿ ಮೂಗು ತೆರೆಯಿರಿ. ಬಾಗಿಲು ತೆಗೆದ ಕೂಡಲೇ ಒದ್ದೆ ಬಟ್ಟೆ ಮುದುಡಿಟ್ಟ ವಾಸನೆ ಬಂದರೆ ಹಾಗೇ ಬಾಗಿಲು ಹಾಕಿ ಮನೆಗೆ ಬನ್ನಿ. ಇಂಥ ಗಾಡಿಗಳ ದೊಡ್ಡ ಕಾಯಿಲೆ ಇಂಜಿನ್ನಲ್ಲ, ನೀರು. ಚಾವಣಿಯ ಅಂಚಿನಲ್ಲಿ, ಕಿಟಕಿಯ ಸುತ್ತ ಒಂದು ಕೂದಲೆಳೆ ಬಿರುಕು ಬಿಟ್ಟರೂ ಸಾಕು, ಒಳಗಿನ ಮರದ ಚೌಕಟ್ಟು ಕೊಳೆಯುತ್ತೆ. ಹೊರಗಿನಿಂದ ಏನೂ ಕಾಣಲ್ಲ. ಮೂಲೆ ಮೂಲೆಯಲ್ಲಿ, ಕಪಾಟಿನ ಒಳಗೆ, ಹಾಸಿಗೆಯ ಕೆಳಗೆ ಹೆಬ್ಬೆರಳಿನಿಂದ ಗೋಡೆ ಒತ್ತಿ ನೋಡಿ. ಗಟ್ಟಿಯಾಗಿರಬೇಕು. ನೆಲದ ಮೇಲೆ ಹಿಮ್ಮಡಿ ಊರಿ ನಡೆಯಿರಿ. ಮಳೆ ಬಂದ ಮಾರನೇ ದಿನ ಹೋದರೆ ಒಳ್ಳೆಯದು.

ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಮುಟ್ಟಿ. ತಣ್ಣಗಿರಬೇಕು. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ, ಬೆಳಿಗ್ಗೆ ಅದು ಸುಮ್ಮನೆ ಏಳಲ್ಲ ಅಂತ ಅರ್ಥ.

ಚಕರದ ಟೈರು ಎಷ್ಟು ಸವೆದಿದೆ ನೋಡಬೇಡಿ. ಪಕ್ಕದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತೆ, ಬರೆದುಕೊಂಡು ಬನ್ನಿ. ಗಾಡಿ ಕೆಳಗೆ ತುಕು ಇದೆಯಾ ನೋಡಿ. ಗ್ಯಾಸಿನ ಪೈಪಿನ ಮೇಲೆ ತಾರೀಖು ಇರುತ್ತೆ, ಅದನ್ನೂ.

ಅಕ್ಕನಿಗೆ ಯಾಕೆ ಹೇಳಬಾರದು? ಗಾಡಿ ಒಬ್ಬರಿಗೋ ಇಬ್ಬರಿಗೋ?

ನಾದಿನಿ

*

ಪ್ರೆಸ್ಸು
ಮಾರ್ಚ್ 20

ಪ್ರೀತಿಯ ನಾದಿನಿ,

ನಿನ್ನ ಕಾಗದ ತಲುಪಿತು. ವಿಷಯಕ್ಕೆ ಬರುವ ಮೊದಲು ಎರಡು ಮಾತು. ಅದು ‘ಚಕರ’ ಅಲ್ಲ, ಚಕ್ರ. ‘ತುಕು’ ಅಲ್ಲ, ತುಕ್ಕು. ಒತ್ತಕ್ಷರಗಳನ್ನು ನೀನು ಯಾರಿಗಾದರೂ ಸಾಲ ಕೊಟ್ಟಿದ್ದೀಯಾ? ಅಕ್ಷರವಂತೂ ಕೋಳಿ ಕೆದರಿದ ಹಾಗಿದೆ, ಸಾಲುಗಳು ಬೆಟ್ಟ ಹತ್ತುತ್ತಿವೆ. ಶಾಲೆಯಲ್ಲಿ ನಿನ್ನ ಕೈಬರಹಕ್ಕೆ ಬಹುಮಾನ ಬಂದಿತ್ತೆಂದು ನಿನ್ನ ಅಕ್ಕ ಹೇಳಿದ ನೆನಪು. ಬೇಸರಪಡಬೇಡ, ತಿದ್ದಿಕೊಳ್ಳಲಿ ಎಂದು ಹೇಳಿದೆ.

ಇನ್ನು ಗಾಡಿ. ಶನಿವಾರ ಹೋಗಿ ನೋಡಿ ಬಂದೆ. ನನಗೆ ಬಹಳ ಹಿಡಿಸಿತು.

ವಾಸನೆ: ಅತ್ಯುತ್ತಮ. ಒದ್ದೆ ಬಟ್ಟೆಯ ಸುಳಿವೇ ಇಲ್ಲ. ಡಾಕ್ಟರು ಒಳಗೆ ನಾಲ್ಕು ಪರಿಮಳದ ಡಬ್ಬಿ ಇಟ್ಟಿದ್ದಾರೆ, ಎರಡು ಗುಲಾಬಿಯವು, ಎರಡು ನಿಂಬೆಯವು. ಅಷ್ಟು ಅಚ್ಚುಕಟ್ಟಿನ ಮನುಷ್ಯ.

ಗೋಡೆ: ನೀನು ಹೇಳಿದಂತೆ ಹೆಬ್ಬೆರಳಿನಿಂದ ಒತ್ತಿದೆ. ನಮ್ಮ ಮನೆಯ ಗೋಡೆಯ ಹಾಗೆ ಬಿರುಸಾಗಿಲ್ಲ. ಹಾಸಿಗೆಯ ಪಕ್ಕದಲ್ಲಂತೂ ಹತ್ತಿ ತುಂಬಿದ ಹಾಗೆ ಮೆತ್ತಗಿದೆ, ನಿದ್ದೆಯಲ್ಲಿ ತಲೆ ತಗುಲಿದರೂ ನೋವಾಗದು. ನೆಲವೂ ಹಾಗೆಯೇ, ಕಾಲಿಟ್ಟರೆ ತುಸು ತಗ್ಗಿ ಮತ್ತೆ ಮೇಲೆ ಬರುತ್ತದೆ. ಮಂಡಿನೋವಿನವರಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದರು. ಎಲ್ಲ ಕಡೆ ಹೊಸ ಬಣ್ಣ. ಎಷ್ಟು ಹೊಸದೆಂದರೆ ನನ್ನ ಅಂಗಿಯ ತೋಳಿಗೂ ಹತ್ತಿತು.

ಬಾನೆಟ್: ಬೆಚ್ಚಗಿತ್ತು. ನಾನು ಕೇಳುವ ಮೊದಲೇ ಡಾಕ್ಟರು, “ನೀವು ಬರ್ತೀರಿ ಅಂತ ಬಿಸಿ ಮಾಡಿಟ್ಟಿದ್ದೆ” ಅಂದರು. ಮುಚ್ಚುಮರೆಯಿಲ್ಲದ ಮನುಷ್ಯ.

ಟೈರು: ಹಲ್ಲುಗಳು ಹೊಚ್ಚಹೊಸದರಂತಿವೆ. ಸಂಖ್ಯೆ 2209. ಗ್ಯಾಸಿನ ಪೈಪಿನ ತಾರೀಖು ಓದಲಾಗಲಿಲ್ಲ, ಅದರ ಮೇಲೂ ಬಣ್ಣ ಬಳಿದಿದ್ದಾರೆ. ಗಾಡಿಯ ಕೆಳಗೆ ಬಗ್ಗಿ ನೋಡಲು ಹೋದೆ, ಸೊಂಟ ಒಪ್ಪಲಿಲ್ಲ. ಡಾಕ್ಟರು ತಾವೇ ನೋಡಿ, ಚೆನ್ನಾಗಿದೆ ಎಂದರು.

ಒಬ್ಬರಿಗೋ ಇಬ್ಬರಿಗೋ ಎಂದು ಕೇಳಿದ್ದೀಯೆ. ಹಾಸಿಗೆ ಎರಡಿವೆ. ನನಗೆ ಒಂದು ಸಾಕು.

ಭಾವ

*

ಶೆಡ್ಡು
ಮಾರ್ಚ್ 27

ಭಾವ,

ದಯವಿಟ್ಟು ಯಾವುದಕ್ಕೂ ಸಹಿ ಹಾಕಬೇಡಿ.

ಗೋಡೆ ಹತ್ತಿಯ ಹಾಗಿದೆ ಅಂದರೆ ಒಳಗಿನ ಮರ ಕೊಳೆತು ಗೊಬ್ಬರವಾಗಿದೆ. ನೆಲ ತಗ್ಗುವುದು ಮಂಡಿಗಾಗಿ ಅಲ್ಲ, ಒಂದು ದಿನ ನೀವು ಕುರ್ಚಿ ಸಮೇತ ರಸ್ತೆಯ ಮೇಲೆ ಇರುತ್ತೀರಿ. ನಾಲ್ಕು ಪರಿಮಳದ ಡಬ್ಬಿ ಅಂದರೆ ನಾಲ್ಕು ಜಾಗದಲ್ಲಿ ನೀರು ಸೋರುತ್ತೆ. 2209 ಅಂದರೆ 2009ನೇ ಇಸವಿಯ ಇಪ್ಪತ್ತೆರಡನೇ ವಾರ ತಯಾರಾದ ಟೈರು. ನಿಂತಲ್ಲೇ ನಿಂತು ಮುದಿಯಾಗಿದೆ, ಅದಕ್ಕೇ ಹಲ್ಲು ಸವೆದಿಲ್ಲ. ಹಲ್ಲಿನ ಡಾಕ್ಟರು ಹಲ್ಲು ತೋರಿಸಿ ನಿಮಗೆ ಟೋಪಿ ಹಾಕುತ್ತಿದ್ದಾರೆ.

ಆದರೂ ನಿಮಗೆ ನೋಡುವ ಅಭ್ಯಾಸವಾಗಲಿ, ಇನ್ನೊಂದು ಸಲ ಹೋಗಿ ಇವನ್ನೂ ನೋಡಿಕೊಂಡು ಬನ್ನಿ. ಸ್ಟವ್ ಮುಂದೆ ನಿಂತ ಐದಡಿ ಎರಡಂಗುಲದವರಿಗೆ ಮೇಲಿನ ಕಪಾಟು ಎಟುಕುತ್ತದಾ? ಡ್ರೈವರ್ ಸೀಟು ಎಷ್ಟು ಮುಂದೆ ಜರುಗುತ್ತೆ? ಕಿಟಕಿ ಪಕ್ಕ ಕೂತರೆ ಸೂಜಿಗೆ ದಾರ ಪೋಣಿಸುವಷ್ಟು ಬೆಳಕಿದೆಯಾ? ಟೇಬಲ್ಲಿನ ಮೇಲೆ ಹೊಲಿಗೆ ಮಷೀನಿನಷ್ಟು ಭಾರ ಇಟ್ಟರೆ ಅಲುಗಾಡುತ್ತಾ? ಗೊರಕೆ ಹೊಡೆಯುವವರ ಹಾಸಿಗೆಗೂ ಇನ್ನೊಂದಕ್ಕೂ ನಡುವೆ ಬಾಗಿಲಿದೆಯಾ?

ಇವೆಲ್ಲ ಗಾಡಿಯ ಸಮತೋಲಕ್ಕೆ ಬೇಕಾದ ಲೆಕ್ಕ. ಯಾಕೆ ಅಂತ ಕೇಳಬೇಡಿ, ನಮ್ಮ ಕಸುಬಿನ ವಿಷಯ.

ನಾದಿನಿ

*

ಪ್ರೆಸ್ಸು
ಏಪ್ರಿಲ್ 6

ಪ್ರೀತಿಯ ನಾದಿನಿ,

ಈ ಸಲ ಎಲ್ಲವನ್ನೂ ಶಿಸ್ತಾಗಿ ಪರೀಕ್ಷೆ ಮಾಡಿದೆ. ಡಾಕ್ಟರ ಹೆಂಡತಿಯ ಎತ್ತರ ಸುಮಾರು ಐದಡಿ ಎರಡಂಗುಲ. ಆಕೆಯನ್ನು ಸ್ಟವ್ ಮುಂದೆ ನಿಲ್ಲಿಸಿ ಕೈ ಎತ್ತಲು ಹೇಳಿದೆ. ಎಟುಕಿತು. ಸೂಜಿ, ದಾರ ನಾನೇ ಒಯ್ದಿದ್ದೆ. ಪೋಣಿಸಲು ಏಳು ನಿಮಿಷ ಹಿಡಿಯಿತು, ಅದು ಕಿಟಕಿಯ ತಪ್ಪೋ ನನ್ನ ಕನ್ನಡಕದ್ದೋ ಗೊತ್ತಿಲ್ಲ. ಸೀಟು ಮುಂದಕ್ಕೆ ಒಂದು ಗೇಣು ಜರುಗುತ್ತದೆ. ಟೇಬಲ್ಲು ತುಸು ಅಲುಗಾಡುತ್ತದೆ. ಹಾಸಿಗೆಗಳ ನಡುವೆ ಬಾಗಿಲಿಲ್ಲ, ಪರದೆಯಿದೆ. ಸಮತೋಲದ ಲೆಕ್ಕ ಇಷ್ಟು ಸೂಕ್ಷ್ಮವೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರಿಗೂ ಗೊತ್ತಿರಲಿಲ್ಲ. ನಿನ್ನ ಮೇಲೆ ಅವರಿಗೆ ಬಹಳ ಗೌರವ ಬಂದಿದೆ.

ಗೋಡೆಯ ವಿಷಯ ಅವರಿಗೆ ನೇರವಾಗಿ ಹೇಳಿದೆ. “ಹಳೇದಲ್ವಾ ಸಾರ್, ನಮ್ಮ ನಿಮ್ಮ ವಸಡೂ ಮೆತ್ತಗಾಗುತ್ತೆ” ಎಂದರು. ಆ ಮಾತಿನಲ್ಲೂ ಹುರುಳಿದೆ ಅನ್ನಿಸಿತು.

ಅಕ್ಕನಿಗೆ ಯಾಕೆ ಹೇಳಬಾರದೆಂದು ನೀನು ಕೇಳಿದ್ದೆ, ಆದ್ದರಿಂದ ನಿಜ ಹೇಳಿಬಿಡುತ್ತೇನೆ. ಊರೂರು ನೋಡುವ ಆಸೆ ನನಗೇನೂ ಇಲ್ಲ. ಪಕ್ಕದ ಬೀದಿಗೆ ಹೋದರೂ ಮನೆಗೆ ಬರುವ ಆತುರ ನನ್ನದು. ಜನವರಿಯಲ್ಲಿ ಒಂದು ಮಧ್ಯಾಹ್ನ ತಲೆನೋವೆಂದು ಬೇಗ ಮನೆಗೆ ಬಂದೆ. ಮುಂದಿನ ಕೋಣೆಯಲ್ಲಿ ನಿನ್ನ ಅಕ್ಕನ ಹೊಲಿಗೆ ತರಗತಿ ನಡೆದಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಅವಳ ಮಾತು ಕೇಳಿಸಿತು. “ಜುಲೈನಿಂದ ಇವ್ರು ಇಡೀ ದಿನ ಮನೇಲೇ ಇರ್ತಾರಲ್ಲ, ಆಗ ನಾನೆಲ್ಲಿಗೆ ಹೋಗ್ಲಿ?” ಹೆಂಗಸರೆಲ್ಲ ನಕ್ಕರು. ನಾನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಪ್ರೆಸ್ಸಿಗೇ ಹೋದೆ. ತಲೆನೋವು ಹೋಗಿತ್ತು, ಬೇರೆ ನೋವು ಶುರುವಾಗಿತ್ತು.

ಅವಳ ಮೇಲೆ ಕೋಪವಿಲ್ಲ. ಅವಳ ಕೋಣೆ, ಅವಳ ಮಷೀನು, ಅವಳ ಶಿಷ್ಯೆಯರು. ನಡುವೆ ನಾನೊಬ್ಬ ಕೂತರೆ ಅವಳು ಎಲ್ಲಿಗೆ ಹೋಗಬೇಕು? ಅದಕ್ಕೆ ನಾನೇ ಹೋಗುತ್ತೇನೆ. ಜುಲೈ ಒಂದರಂದು ಗಾಡಿ ತಂದು ನಿಲ್ಲಿಸಿ, ತಿರುಗಾಟದ ಹುಚ್ಚು ಹಿಡಿಯಿತೆಂದು ಹೇಳಿ ಹೊರಡುತ್ತೇನೆ. ವಾರಕ್ಕೊಮ್ಮೆ ಫೋನು ಮಾಡಿದರಾಯಿತು. ಇದಂತೂ ಅಕ್ಕನಿಗೆ ಯಾವ ಕಾರಣಕ್ಕೂ ಗೊತ್ತಾಗಬಾರದು.

ಅವಳು ಈಗ ಖುಷಿಯಾಗಿದ್ದಾಳೆ. ಮೊನ್ನೆ ನನ್ನನ್ನು ನೆಲದ ಮೇಲೆ ಮಲಗಿಸಿ ತಲೆಯಿಂದ ಕಾಲಿನವರೆಗೆ ಟೇಪು ಹಿಡಿದು ಅಳೆದಳು. ಹೊಸ ಅಂಗಿಯಿರಬೇಕು. ಮಲಗಿಸಿ ಅಳೆಯುವುದು ಹೊಸ ಪದ್ಧತಿಯೇನೋ.

ಡಾಕ್ಟರಿಗೆ ಆತುರವಂತೆ. ಹದಿನೆಂಟನೇ ತಾರೀಖು ಶನಿವಾರ ಹನ್ನೊಂದು ಗಂಟೆಗೆ ಬಂದು ಪತ್ರಗಳಿಗೆ ಸಹಿ ಹಾಕುತ್ತೇನೆ ಎಂದು ಹೇಳಿದ್ದೇನೆ.

ಭಾವ

(ಅಕ್ಷರ ಈ ಸಲವೂ ಸುಧಾರಿಸಿಲ್ಲ. ಗೆರೆ ಹಾಕಿದ ಹಾಳೆಯ ಮೇಲೆ ಬರೆದು ನೋಡು.)

*

ಶೆಡ್ಡು
ಏಪ್ರಿಲ್ 11

ಭಾವ,

ಶನಿವಾರ ಹೋಗಿ. ಹನ್ನೊಂದಕ್ಕೇ ಹೋಗಿ, ಬೇಗ ಹೋಗಬೇಡಿ. ಟಾರ್ಚು ಒಯ್ಯುವುದು ಬೇಡ, ಅಲ್ಲಿ ಇರುತ್ತೆ. ಪೆನ್ನು ಮನೆಯಲ್ಲಿ ಬಿಟ್ಟು ಹೋಗಿ.

ನಾದಿನಿ

*

ಮನೆ
ಏಪ್ರಿಲ್ 19

ನಾದಿನಿ,

ನೀನು ದ್ರೋಹಿ. ಇದನ್ನು ಮನೆಯಿಂದಲೇ ಬರೆಯುತ್ತಿದ್ದೇನೆ, ಬಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲ. ನಿನ್ನೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹನ್ನೊಂದಕ್ಕೆ ಸರಿಯಾಗಿ ಹೋದೆ. ಡಾಕ್ಟರು ಗೇಟಿನಲ್ಲೇ ಕಾಯುತ್ತಿದ್ದರು, ಮುಖ ಬಲ್ಬಿನ ಹಾಗೆ ಬೆಳಗುತ್ತಿತ್ತು. “ಬನ್ನಿ ಸಾರ್, ಬೇಗ ಬನ್ನಿ. ಇನ್ನೊಂದು ಪಾರ್ಟಿ ಬಂದುಬಿಟ್ಟಿದೆ. ಒಂಬತ್ತು ಗಂಟೆಯಿಂದ ಇದ್ದಾರೆ. ತುಂಬಾ ಹಿಡಿಸಿದ ಹಾಗಿದೆ. ಗಾಡಿ ಕೆಳಗೆ ಹೋದವರು ಆಚೆಗೇ ಬರ್ತಿಲ್ಲ.”

ಗಾಡಿಯ ಕೆಳಗಿನಿಂದ ಎರಡು ಕಾಲು ಚಾಚಿಕೊಂಡಿದ್ದವು. ಎಡಗಾಲಿನ ಚಪ್ಪಲಿಯ ಪಟ್ಟಿಗೆ ತಾಮ್ರದ ತಂತಿ ಬಿಗಿದಿತ್ತು. ಆ ತಂತಿ ಬಿಗಿದವನು ನಾನೇ.

ಅಡಿಯಿಂದ ಟಕ್ ಟಕ್ ಎಂದು ಬಡಿಯುವ ಸದ್ದು, ಆಮೇಲೆ ಏನೋ ಉದುರಿದ ಸದ್ದು. ನಿನ್ನ ಅಕ್ಕ ಹೊರಗೆ ಬಂದಳು. ತಲೆತುಂಬ ತುಕ್ಕಿನ ಪುಡಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನಮ್ಮ ಮನೆಯ ಸುತ್ತಿಗೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಡಾಕ್ಟರನ್ನು ಕೇಳಿದಳು.

“ಇವ್ರ್ಯಾರು?”

“ಇವ್ರೂ ತಗೊಳ್ಳೋಕೇ ಬಂದಿರೋದು ಮೇಡಂ. ಮೂರನೇ ಸಲ ಬರ್ತಿದ್ದಾರೆ. ನೀವು ಬೇಗ ತೀರ್ಮಾನ ಮಾಡಬೇಕು.”

“ಹೌದಾ? ನಮಸ್ಕಾರ. ಒಬ್ರೇ ಬಂದ್ರಾ? ಮನೆಯವ್ರು ಬರಲಿಲ್ವಾ?”

ಇಲ್ಲ ಎಂದೆ.

“ಅವ್ರಿಗೆ ಗೊತ್ತಾ, ನೀವು ಗಾಡಿ ತಗೊಳ್ಳೋದು?”

“ಇಲ್ಲ.”

“ಇದರಲ್ಲಿ ಒಬ್ರೇ ಹೋಗ್ತೀರಾ?”

ನಡುವೆ ಡಾಕ್ಟರು ಬಾಯಿ ಹಾಕಿದರು. “ಒಬ್ಬರಿಗಂತೂ ಬಹಳ ಅನುಕೂಲ ಮೇಡಂ. ಯಾರ ಕಾಟವೂ ಇರಲ್ಲ.”

“ಡಾಕ್ಟ್ರೇ, ನೀವು ಸ್ವಲ್ಪ ಸುಮ್ನಿರಿ,” ಎಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಡಾಕ್ಟರಿಗೆ ಗೊತ್ತಿರಲಿಲ್ಲ, ಆದರೂ ಅವರೇ ಎರಡು ಹೆಜ್ಜೆ ಹಿಂದೆ ಸರಿದರು.

ಅವಳು ಗಾಡಿ ಹತ್ತಿದಳು. ನಾವಿಬ್ಬರೂ ಹಿಂದೆ ಹತ್ತಿದೆವು. ಹಾಸಿಗೆಯ ಪಕ್ಕದ ಗೋಡೆಗೆ ತೋರುಬೆರಳಿಟ್ಟು ಒತ್ತಿದಳು. ಬೆರಳು ಎರಡನೇ ಗಿಣ್ಣಿನವರೆಗೆ ಒಳಗೆ ಹೋಯಿತು. ಹೊರಗೆ ತೆಗೆದಾಗ ತುದಿಗೆ ಕಪ್ಪು ಮಣ್ಣಿನಂಥದ್ದೇನೋ ಅಂಟಿತ್ತು. ಅದನ್ನು ಡಾಕ್ಟರ ಮೂಗಿನ ಹತ್ತಿರ ಹಿಡಿದು, “ಡಾಕ್ಟ್ರೇ, ಇದು ತುಂಬಿಸೋ ಹಂತ ದಾಟಿದೆ. ಕಿತ್ತೇ ಹಾಕಬೇಕು,” ಎಂದಳು.

ಡಾಕ್ಟರು ಬೆವರು ಒರೆಸಿಕೊಂಡು, ಎಲ್ಲ ಸರ್ವಿಸ್ ಬಿಲ್ಲುಗಳೂ ಇವೆ, ತರುತ್ತೇನೆ ಎಂದು ಮನೆಯೊಳಗೆ ಓಡಿದರು. ನಾವು ಆ ಅಲುಗಾಡುವ ಟೇಬಲ್ಲಿನ ಆಚೆ ಈಚೆ ಕೂತೆವು.

“‘ನಾನೆಲ್ಲಿಗೆ ಹೋಗ್ಲಿ’ ಅಂತ ನಾನು ಹೇಳಿದ್ದು ಹೌದು,” ಎಂದಳು. “ಯಾಕೆ ಸುಳ್ಳು ಹೇಳ್ಲಿ? ಹಾಲಿನವ್ರಿಗೆ ನಾನು ಬರೆದಿಟ್ಟ ಚೀಟೀನ ಕೆಂಪು ಪೆನ್ನಲ್ಲಿ ತಿದ್ದೋರು ನೀವು. ಭಾನುವಾರ ಒಂದು ದಿನಕ್ಕೇ ನನಗೆ ತಲೆ ಕೆಡುತ್ತೆ. ಇನ್ನು ವಾರಪೂರ್ತಿ ಅಂದ್ರೆ? ಹೇಳಿದೆ. ನಕ್ಕೆವು. ಅದಕ್ಕೆ ನೀವು ಮನೆ ಬಿಟ್ಟು ಹೋಗೋದಾ?”

“ನಿನಗೆ ತೊಂದರೆ ಆಗಬಾರದು ಅಂತ…”

“ತೊಂದರೆ ಆಗುತ್ತೆ ರೀ. ಇದ್ರೂ ಆಗುತ್ತೆ, ಹೋದ್ರೂ ಆಗುತ್ತೆ. ಇದ್ದೇ ತೊಂದರೆ ಕೊಡಿ.” ಅವಳ ಮೂಗಿನ ತುದಿ ಕೆಂಪಾಗಿತ್ತು. “ಮೂವತ್ತೆರಡು ವರ್ಷದಲ್ಲಿ ನನ್ನ ಹತ್ತಿರ ಮುಚ್ಚಿಟ್ಟ ಮೊದಲನೇ ವಿಷಯ ಇದು. ಅದನ್ನೂ ನೆಟ್ಟಗೆ ಮುಚ್ಚಿಡೋಕೆ ಬರಲಿಲ್ಲ.”

ಅವಳು ಮೂಗು ಒರೆಸಿಕೊಂಡಳು, ಮೂಗಿಗೂ ತುಕ್ಕು ಹತ್ತಿತು.

ಆಗ ಅವಳು ನಿನ್ನ ಕೈಯ ವಿಷಯ ಹೇಳಿದಳು. ಫೆಬ್ರವರಿಯಲ್ಲಿ ಜಾಕ್ ಜಾರಿ ಬಲಗೈ ಮಣಿಕಟ್ಟು ಮುರಿದದ್ದು, ಪಟ್ಟಿ ಕಟ್ಟಿಕೊಂಡು ಎಡಗೈಯಲ್ಲಿ ಬರೆಯುತ್ತಿರುವುದು, ಒಂದು ಒತ್ತಕ್ಷರಕ್ಕೆ ಅರ್ಧ ನಿಮಿಷ ಹಿಡಿಯುವುದು. “ಅವಳು ಆ ಕೈಲಿ ನಿಮ್ಗೆ ಎರಡೆರಡು ಪುಟ ಬರೆದ್ರೆ, ನೀವು ಗೆರೆ ಹಾಕಿದ ಹಾಳೆ ತಗೋ ಅಂತೀರಿ.”

ನಾದಿನಿ, ಮೂವತ್ತಾರು ವರ್ಷದ ಕೆಲಸದಲ್ಲಿ ನನಗೆ ಇಷ್ಟು ನಾಚಿಕೆಯಾದದ್ದಿಲ್ಲ. ಅಕ್ಷರ ನೋಡಿದೆ, ಕೈ ನೋಡಲಿಲ್ಲ. ಕ್ಷಮಿಸು.

ಡಾಕ್ಟರು ಬಿಲ್ಲು ತಂದರು. ಮೂರು ಬೇರೆ ಬೇರೆ ಗ್ಯಾರೇಜಿನವು, ಮೂರು ಬೇರೆ ಬೇರೆ ವರ್ಷದವು. ನಾನು ಓದಿದೆ. ಇಂಜಿನ್ನು ನನಗೆ ಗೊತ್ತಿಲ್ಲ, ಕಾಗದ ಗೊತ್ತು. ಮೂರರಲ್ಲೂ ‘ದುರಸ್ತಿ’ಯನ್ನು ‘ದುರಸ್ಥಿ’ ಎಂದು ಅಚ್ಚು ಹಾಕಿದ್ದರು. ಮೂರರಲ್ಲೂ ಗೆರೆಗಳು ಒಂದೇ ಜಾಗದಲ್ಲಿ ಮುರಿದಿದ್ದವು, ಶಾಯಿಯ ವಾಸನೆ ಇನ್ನೂ ಹಸಿಯಾಗಿತ್ತು. “ಡಾಕ್ಟ್ರೇ, ಮೂರು ಗ್ಯಾರೇಜಿನವ್ರೂ ಒಂದೇ ಕಡೆ ಅಚ್ಚು ಹಾಕಿಸಿದ್ರಾ? ಅದೂ ಹೋದ ವಾರ?” ಎಂದೆ. ಅವರು ಬಿಲ್ಲುಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು.

“ಬನ್ನಿ ರೀ, ಹೋಗೋಣ,” ಎಂದಳು ನಿನ್ನ ಅಕ್ಕ.

ಆಗಷ್ಟೇ ಡಾಕ್ಟರಿಗೆ ಅರ್ಥವಾಯಿತು. “ಓಹೋ, ನೀವಿಬ್ರೂ…” ಎಂದು ರಾಗ ಎಳೆದರು.

“ಮೂವತ್ತೆರಡು ವರ್ಷದಿಂದ,” ಎಂದಳು ಅವಳು.

ಮನೆಗೆ ನಡೆದೇ ಬಂದೆವು. ದಾರಿಯಲ್ಲಿ ಅವಳು ಕೇಳಿದಳು: “ಬೇರೆ ಗಾಡಿ ನೋಡೋಣ್ವಾ? ಎರಡು ಕಿಟಕಿಗೆ ಪರದೆ ಹೊಲಿದುಬಿಟ್ಟಿದ್ದೀನಿ.”

ಭಾವ

*

ಶೆಡ್ಡು
ಮೇ 2

ಭಾವ,

ದ್ರೋಹಿ ಅಂದಿದ್ದು ಒಪ್ಪಿದೆ. ಅಕ್ಕನಿಗೆ ಹೇಳಬೇಡ ಅಂತ ನೀವು ಬರೆದ ಮೊದಲನೇ ಕಾಗದವನ್ನು ಬಂದ ದಿನವೇ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. ಹಿಂದಕ್ಕೆ ಓಡಿಸಿದ ಜಾಗಕ್ಕೆ ಬಂದಾಗ ಇಬ್ಬರೂ ಎಷ್ಟು ನಕ್ಕೆವೆಂದರೆ ಮಾತು ನಿಲ್ಲಿಸಬೇಕಾಯಿತು. ಕಪಾಟು, ಸೂಜಿ, ಗೊರಕೆಯ ಬಾಗಿಲು, ಎಲ್ಲ ಅವಳ ಪ್ರಶ್ನೆ. ನಾನು ಬರೆದುಕೊಂಡೆ ಅಷ್ಟೇ. ಹಾಸಿಗೆಯಲ್ಲಿ ನಿಮ್ಮ ಕಾಲು ಹೊರಗೆ ಬರುತ್ತದೋ ಇಲ್ಲವೋ ಅಂತ ಅವಳಿಗೆ ಚಿಂತೆ, ಅದಕ್ಕೇ ಮಲಗಿಸಿ ಅಳೆದಿದ್ದು. ನಿಮಗೆ ಅಂಗಿ ಬರಲ್ಲ.

ಆದರೆ ಏಪ್ರಿಲ್ ಕಾಗದ ಓದುವಾಗ ನಗಲಿಲ್ಲ. ನೀವು ಚಪ್ಪಲಿ ಮೆಟ್ಟಿಕೊಂಡು ವಾಪಸ್ಸು ಹೋದ ಜಾಗ ಓದಿ ಮುಗಿಸಿದೆ. ಅವಳು, “ಗಾಡಿ ಕೆಳಗೆ ಹೋಗೋಕೆ ಎಂಥಾ ಬಟ್ಟೆ ಹಾಕ್ಕೋಬೇಕು ಹೇಳು” ಅಂದಳು. ಹೇಳಿದೆ.

ಕೈಯ ಬಗ್ಗೆ ಏನೂ ಅಂದುಕೊಳ್ಳಬೇಡಿ. ಪಟ್ಟಿ ಬಿಚ್ಚಿದ್ದಾರೆ, ಸ್ಪ್ಯಾನರು ಹಿಡಿದರೆ ಇನ್ನೂ ಜಾರುತ್ತೆ. ಈಗ ಬಲಗೈಯಲ್ಲೇ ಬರೆಯುತ್ತಿದ್ದೇನೆ. ಶೆಡ್ಡು ಅರ್ಧ ದಿನ ಮಾತ್ರ ತೆಗೆಯುತ್ತೇನೆ. ಮಿಕ್ಕ ಅರ್ಧ ದಿನ ಏನು ಮಾಡಬೇಕೋ ಗೊತ್ತಾಗದೆ ಟೂಲುಗಳನ್ನು ಉದ್ದದ ಪ್ರಕಾರ ಜೋಡಿಸಿಟ್ಟೆ, ಆಮೇಲೆ ಭಾರದ ಪ್ರಕಾರ. ನಿಮ್ಮ ಕಾಗದ ಬಂದರೆ ದಿನ ಸಾಗುತ್ತಿತ್ತು, ತಿದ್ದಿದ್ದರೂ ಪರವಾಗಿಲ್ಲ.

ಈಗ ಕೆಲಸದ ಮಾತು. ಇಲ್ಲಿ ಒಂದು ಮನೆಗಾಡಿ ಬಂದಿದೆ. ಒಬ್ಬ ನರ್ಸಮ್ಮನದು. ಹತ್ತೊಂಬತ್ತು ವರ್ಷ ಹಳೆಯದು. ಬಣ್ಣ ಮಾಸಿದ ಬಟಾಣಿಯ ಹಾಗಿದೆ, ಒಂದು ಕಡೆ ಕಂಬಕ್ಕೆ ಉಜ್ಜಿದ ಗಾಯ. ಆಕೆ ಅದನ್ನು ಮುಚ್ಚಲಿಲ್ಲ, “ಇದು ನಾನೇ ಮಾಡಿದ್ದು” ಅಂತ ತೋರಿಸಿದಳು. ಎರಡು ದಿನ ಮಳೆ ಹೊಡೆದ ಮಾರನೇ ಬೆಳಿಗ್ಗೆ ಹೋಗಿ ಮೂಲೆ ಮೂಲೆ ಒತ್ತಿದೆ. ಬಿಸ್ಕತ್ತಿನ ಹಾಗೆ ಒಣಗಿದೆ. ಬಾನೆಟ್ ತಣ್ಣಗಿತ್ತು, ಎರಡನೇ ಸಲಕ್ಕೆ ಎದ್ದಿತು. ಮೊದಲನೇ ಸಲ ಕೆಮ್ಮಿತು, ನನಗೆ ಅದೇ ಇಷ್ಟವಾಯಿತು. ಟೈರು ಹೋದ ವರ್ಷದ್ದು. ಪಂಪು ಸದ್ದು ಮಾಡುತ್ತೆ, ಫ್ರಿಜ್ಜು ಮನಸ್ಸು ಬಂದಾಗ ಕೆಲಸ ಮಾಡುತ್ತೆ. ಅವೆರಡೂ ಆಕೆಯೇ ಹೇಳಿದ್ದು. ಡ್ರೈವರ್ ಸೀಟಿನ ಮೇಲೆ ಅಟ್ಟದ ಹಾಗೆ ಮೂರನೇ ಹಾಸಿಗೆಯೂ ಇದೆ.

ಏನೇನು ರಿಪೇರಿ ಮಾಡಿಸಿದ್ದಾಳೋ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ, ಹತ್ತು ವರ್ಷದ್ದು. ಪ್ರತಿ ಮಾಡಿಸಿ ಬೇರೆ ಕಳಿಸುತ್ತೇನೆ. ನೀವು ಅದನ್ನು ಓದುವ ಮೊದಲು ನೀರು ಕುಡಿದು ಕೂತುಕೊಳ್ಳಿ. ಸಾಲಿಗೆ ಮೂರು ತಪ್ಪಿದೆ.

ಓಡಿಸುವುದು ಅಕ್ಕ. ದಿನಾ ಅಂಗಡಿ ಅಂಗಡಿಗೆ ವ್ಯಾನಿನಲ್ಲಿ ತಾನು ಹೊಲಿದ ಪರದೆ ಹಂಚುವವಳಿಗೆ ಇದು ದೊಡ್ಡದಲ್ಲ. ಆದರೆ ಈ ಗಾಡಿ ತೂಕದ್ದು. ಅವಳ ಲೈಸೆನ್ಸಿಗೆ ಈ ತೂಕ ಸೇರುತ್ತದಾ ಅಂತ ಮೊದಲು ಆಫೀಸಿನಲ್ಲಿ ಕೇಳಿ.

ನಾದಿನಿ

*

ಮನೆ
ಮೇ 11

ಪ್ರೀತಿಯ ನಾದಿನಿ,

ಆಫೀಸಿಗೆ ಹೋಗಿ ಕೇಳಿದೆವು. ಅವಳ ಲೈಸೆನ್ಸಿಗೆ ಸೇರುತ್ತದೆ. ನನ್ನದು ಎರಡು ವರ್ಷದ ಹಿಂದೆಯೇ ಮುಗಿದಿದೆ ಎಂದು ಅಲ್ಲಿ ಗೊತ್ತಾಯಿತು. ಗುಮಾಸ್ತರ ಎದುರಿಗೆ ನಿನ್ನ ಅಕ್ಕ ನನ್ನನ್ನು ನೋಡಿದ ನೋಟ ಹೇಗಿತ್ತೆಂದು ಬರೆಯುವುದಿಲ್ಲ.

ನರ್ಸಮ್ಮನ ನೋಟ್‌ಬುಕ್ಕಿನ ಪ್ರತಿ ತಲುಪಿತು. ಪೂರ್ತಿ ಓದಿದೆ. ‘ಬ್ರೇಕು ಹಿಡಿತಿಲ, ಮರ ಹಿಡಿತು’ ಎಂಬ ಸಾಲಿನಲ್ಲಿ ಎಷ್ಟು ತಪ್ಪಿದೆ ಎಂದು ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಅದಕ್ಕಿಂತ ನಿಜವಾದ ಸಾಲು ನನ್ನ ಮೇಜಿಗೆ ಬಂದದ್ದಿಲ್ಲ. ಆಮೇಲಿನ ಪುಟದಲ್ಲೇ ಹೊಸ ಬ್ರೇಕು ಹಾಕಿಸಿದ್ದೂ ಇದೆ.

ಆಕೆಗೆ ಹೇಳು, ನಾವು ತೆಗೆದುಕೊಳ್ಳುತ್ತೇವೆ. ಜುಲೈ ಆರಕ್ಕೆ ರೈಲಿನಲ್ಲಿ ಬರುತ್ತೇವೆ. ನಿನ್ನ ಕೈಗೆ ಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತಿದ್ದೀಯಾ ಎಂದು ಅಕ್ಕ ಕೇಳುತ್ತಿದ್ದಾಳೆ. ಸುಳ್ಳು ಹೇಳಬೇಡ, ಅವಳು ಬಂದು ನೋಡುತ್ತಾಳೆ.

ಭಾವ

*

ಗಾಡಿ
ಜುಲೈ 10

ಪ್ರೀತಿಯ ನಾದಿನಿ,

ಈ ಕಾಗದಕ್ಕೆ ಅಂಚೆ ಚೀಟಿ ಇಲ್ಲವಲ್ಲ ಎಂದು ಆಶ್ಚರ್ಯಪಡಬೇಡ. ನಾನೇ ನಡೆದು ಬಂದು ಶೆಡ್ಡಿನ ಬಾಗಿಲ ಕೆಳಗೆ ತೂರಿಸಿ ಹೋಗುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ನೀನು ಬಾಗಿಲಲ್ಲಿ ನಿಂತು ಕೈ ಬೀಸಿದೆ. ನಾವು ಈ ಹೊತ್ತಿಗೆ ಇನ್ನೂರು ಮೈಲಿ ದಾಟಿರುತ್ತೇವೆ ಎಂದು ನೀನು ತಿಳಿದಿರುತ್ತೀಯೆ. ಇಲ್ಲ. ನಿನ್ನ ಶೆಡ್ಡಿನಿಂದ ನಾಲ್ಕನೇ ತಿರುವಿನಲ್ಲಿ, ಮುಚ್ಚಿದ ಸಿಮೆಂಟು ಗೋದಾಮಿನ ಗೋಡೆಯ ನೆರಳಿನಲ್ಲಿ ಇದ್ದೇವೆ.

ಆದದ್ದಿಷ್ಟು. ಮೂರನೇ ತಿರುವಿನಲ್ಲಿ ನಿನ್ನ ಅಕ್ಕ ಎಡಕ್ಕೆ ಹೋಗುವ ಬದಲು ಬಲಕ್ಕೆ ತಿರುಗಿಸಿದಳು. ನಕ್ಷೆ ನನ್ನ ತೊಡೆಯ ಮೇಲಿತ್ತು. ಬಾಯಿ ತೆರೆಯಬಾರದೆಂದು ನಾಲಿಗೆ ಕಚ್ಚಿ ಕೂತೆ. ನೂರು ಗಜ ಹೋದ ಮೇಲೆ ಅವಳಿಗೇ ಗೊತ್ತಾಗಿ ಗಾಡಿ ನಿಲ್ಲಿಸಿದಳು. “ತಪ್ಪು ದಾರಿ ಅಂತ ಹೇಳೋಕಾಗಲ್ವಾ? ಮತ್ತೆ ನೀವು ಇರೋದು ಯಾಕೆ?” ಎಂದು ರೇಗಿದಳು. ಹೇಳಿದರೆ ಒಂದು, ಹೇಳದಿದ್ದರೆ ಒಂದು. ಇಬ್ಬರೂ ಹದಿನೈದು ನಿಮಿಷ ಜಗಳವಾಡಿದೆವು. ಜಗಳಕ್ಕೆ ಈ ಗಾಡಿ ಬಹಳ ಅನುಕೂಲ, ಎದ್ದು ಹೋಗುವುದಕ್ಕೆ ಬೇರೆ ಕೋಣೆಯೇ ಇಲ್ಲ. ನಡುವೆ ಅವಳು ಹಾಗೇ ಇನ್ನೊಂದು ತಿರುವು ತಿರುಗಿಸಿ ಇಲ್ಲಿ ನಿಲ್ಲಿಸಿದಳು. ಸ್ಟವ್ ಕೆಲಸ ಮಾಡುತ್ತದೋ ನೋಡೋಣ ಎಂದು ಚಹಾ ಮಾಡಿದಳು. ಚಹಾ ಚೆನ್ನಾಗಿತ್ತು. ಇನ್ನೊಂದು ಸಲ ಮಾಡಿದಳು. ಕಿಟಕಿಗೆ ಪರದೆ ಕಟ್ಟಿದಳು. ಊಟವಾಯಿತು. ನಾನು ಮಲಗಿದೆ, ಕಾಲು ಸರಿಯಾಗಿ ಹಿಡಿಯಿತು. ಎದ್ದು ನೋಡಿದರೆ ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು, ನಿನ್ನ ಶೆಡ್ಡಿನ ಕಡೆಗೇ ನೋಡುತ್ತ. ನಾನೂ ಪಕ್ಕದಲ್ಲಿ ಕೂತೆ. ಮಧ್ಯಾಹ್ನ ನೀನು ಶಟರು ಎಳೆದ ಸದ್ದು ಇಲ್ಲಿಯವರೆಗೂ ಕೇಳಿಸಿತು. ಅಂದರೆ ಅವಳಿಗೆ ಕೇಳಿಸಿತು.

ಈಗ ವಿಷಯಕ್ಕೆ ಬರುತ್ತೇನೆ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಏನಾಗಿದೆಯೋ ನನಗೆ ತಿಳಿಯದು. ಟೂಲುಗಳ ಚೀಲ ತೆಗೆದುಕೊಂಡು ಬಾ. ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು, ಆದ್ದರಿಂದ ನಾಲ್ಕು ಜೊತೆ ಬಟ್ಟೆಯನ್ನೂ ತುಂಬಿಕೊಂಡು ಬಾ. ಶೆಡ್ಡಿಗೆ ದೊಡ್ಡ ಬೀಗ ಹಾಕು.

ನಿನ್ನ ಭಾವ

(ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. “ಸ್ಟಾರ್ಟ್ ಆಗುತ್ತಿಲ್ಲ ಅನ್ನೋದು ತಪ್ಪು, ಸ್ಟಾರ್ಟ್ ಮಾಡ್ತಿಲ್ಲ ಅಂತ ಬರೀರಿ” ಎಂದು ತಿದ್ದಿದ್ದಾಳೆ.)